ಕಂಪ್ಯೂಟರಿಗೆ ಕುಂಕುಮ ಹಚ್ಚಿದ ಮ್ಯಾಲೆ

"ಬ್ಯಾಳಿಗೆ ಉಪ್ಪು ಹಾಕಿಲ್ಲ, ಹಾಕ್ರಿ."

ನನ್ನ ಹೆಂಡತಿ ನನಗೆ ಕಡೀಕ ಹೇಳಿದ ಮಾತು ಇದು. ಆಕಿ ಶಾಲೆಯಲ್ಲಿ ಬಿಸಿಯೂಟ ಮಾಡುತ್ತಿದ್ದಳು. ಎದೆ ನೋವು ಅಂತ ಒಲೆ ಮುಂದೆ ಕುಂತಳು. ಚಿಕ್ಕೋಡಿಗೆ ಒಯ್ಯಲು ಜೀಪು ಬರುವಷ್ಟರಲ್ಲಿ ಇಷ್ಟು ಹೇಳಿದಳು. ಆಮೇಲೆ ಮಾತಾಡಲಿಲ್ಲ. ನಾನು ಉಪ್ಪು ಹಾಕಿದೆ. ಗಾಬರಿಯಲ್ಲಿ ಎರಡು ಸಲ ಹಾಕಿದೆ. ಅವತ್ತು ಹುಡುಗರು ನೀರು ಕುಡಿಯುತ್ತ ಬೋರಿಂಗ್ ಬಿಟ್ಟು ಸರಿಯಲಿಲ್ಲವಂತೆ.

ನಾನು ಅದೇ ಶಾಲೆಯ ಸಿಪಾಯಿ. ಏಕಸಂಬಿ ಹತ್ತಿರದ ಹಳ್ಳಿ. ನಾಲ್ಕನೇ ಇಯತ್ತೆ ಕಲಿತವ. ಅಳಬೇಕೆಂದು ಕುಂತರೂ ಈ ಶಾಲೆಯಲ್ಲಿ ನಗುವಂಥದ್ದೇ ಏನಾದರೂ ಆಗುತ್ತದೆ. ಅದಕ್ಕೆ ನಾನೇನು ಮಾಡಲಿ.

ಆಕಿಯ ವರ್ಷದ ಕಾರ್ಯ ಹತ್ತಿರ ಬಂತು. ಹೂವಿನ ಮಾಲಿ ಹಾಕಲು ಆಕಿದೊಂದು ಫೋಟೋ ಬೇಕು. ಮನೆಯಲ್ಲಿ ಇಲ್ಲ. ರೇಷನ್ ಕಾರ್ಡಿನ ಮೇಲಿರುವುದು ಆಕಿಯೋ ನಾನೋ ತಿಳಿಯದಷ್ಟು ಕಪ್ಪು. ಚೆಂದ ಬಂದದ್ದು ಒಂದೇ. ಇಲಾಖೆಯ ಸಾಹೇಬರು ತಪಾಸಣೆಗೆ ಬಂದಾಗ ತೆಗೆದದ್ದು. ಅದು ಶಾಲೆಯ ಕಂಪ್ಯೂಟರಿನಲ್ಲಿದೆ. ಅದರಲ್ಲಿ ಹೆಡ್‌ಮಾಸ್ತರ ಬೆನ್ನ ಹಿಂದೆ, ಸೌಟು ಹಿಡಿದು, ಎಳ್ಳಿನಷ್ಟು ಕಾಣುತ್ತಾಳೆ.

ಪೂಜೆ

ದಸರೆಯ ಖಂಡೇಪೂಜೆ ಬಂತು. ನಮ್ಮಲ್ಲಿ ಕುಡಗೋಲು, ಸೈಕಲ್ಲು, ಶಾಲೆ ಗಂಟೆ ಎಲ್ಲಕ್ಕೂ ಪೂಜೆ. ಕಂಪ್ಯೂಟರಿಗೂ ಆಗಲಿ ಅಂದರು ಹೆಡ್‌ಮಾಸ್ತರು. ಕನ್ನಡ ಮಾಸ್ತರು ಭಾಳ ಭಕ್ತಿಯವರು. ವಾಯರುಗಳನ್ನೆಲ್ಲ ಕಿತ್ತು ಒರೆಸಿದರು. ಒಂದೊಂದರ ಬಾಯಿಗೂ ವಿಭೂತಿ ಹಚ್ಚಿ, ಕುಂಕುಮ ಇಟ್ಟು, ಮತ್ತೆ ಒತ್ತಿ ಕೂಡಿಸಿದರು.

ರಜೆ ಮುಗಿಸಿ ಬಂದು ಚಾಲೂ ಮಾಡಿದರೆ ಅಕ್ಷರಗಳು ಬದನೆಕಾಯಿಯಷ್ಟು. ಒಂದು ಹುಡುಗನ ಹೆಸರಿಗೇ ಪರದೆ ತುಂಬಿತು. ಅದರೊಳಗೆ ಲಿನಕ್ಸ್ ಅಂತ ಒಂದು ಸಾಫ್ಟ್‌ವೇರ್ ಇತ್ತು. ಮಾಸ್ತರುಗಳು ಟ್ರೇನಿಂಗಿನಲ್ಲಿ ಕಲಿತದ್ದು ಬೇರೆ. ಎಲ್ಲರೂ ಹೆದರಿದರು. ಹೆಡ್‌ಮಾಸ್ತರು ಮಾತ್ರ ಕಣ್ಣಿನ ಚಾಳೀಸು ತೆಗೆದು ಕಿಸೆಗೆ ಹಾಕಿಕೊಂಡರು.

"ಪೂಜಾ ಫಲಾ ಕೊಟ್ಟತ್ರಿ. ಈಗ ಛಲೋ ಕಾಣಾಕತ್ತೈತಿ."

ಬಟನ್ನು ಎಲ್ಲಿ?

ಗಣಿತ ಕಲಿಸುವ ಅಕ್ಕಾರು ಧೈರ್ಯ ಮಾಡಿದರು. ಪರದೆಯ ಅಳತೆ ಬದಲಿಸುವ ಜಾಗ ಹುಡುಕಿ ತೆಗೆದರು. ಆದರೆ ಅದೂ ದೊಡ್ಡದಾಗಿ, ಅರ್ಧ ಪರದೆಯ ಮೇಲೆ, ಅರ್ಧ ಪರದೆಯ ಆಚೆ. ಒತ್ತಬೇಕಾದ ಬಟನ್ನು ಕೆಳಗೆ ಉಳಿದಿದೆ ಅಂದರು.

ಕನ್ನಡ ಮಾಸ್ತರು ಟೇಬಲ್ಲಿನ ಕೆಳಗೆ ಬಗ್ಗಿ ನೋಡಿದರು. ಕೆಳಗೇನೂ ಇಲ್ಲ ಅಂದರು.

ಅಧ್ಯಕ್ಷರ ಒಪ್ಪಿಗೆ

ಅಕ್ಕಾರು ಕೀಲಿಮಣೆ ಒತ್ತಿ ಒತ್ತಿ ಹೇಗೋ ಆ ಬಟನ್ನು ಮುಟ್ಟಿದರು. ಅಕ್ಷರ ಸ್ವಲ್ಪ ಸಣ್ಣವಾದವು. ಆಗ ಪರದೆ ಕೇಳಿತು, ಹೀಗೇ ಇಡಲೋ, ಹಿಂದಿನಂತೆ ಮಾಡಲೋ?

ನಮ್ಮ ಶಾಲೆಯಲ್ಲಿ ಕಮಿಟಿ ಅಧ್ಯಕ್ಷರನ್ನು ಕೇಳದೆ ಕಸಬರಗಿಯನ್ನೂ ಬದಲಿಸುವುದಿಲ್ಲ. ಹೆಡ್‌ಮಾಸ್ತರು ನನ್ನನ್ನು ಓಡಿಸಿದರು. ಅಧ್ಯಕ್ಷರು ಕಬ್ಬಿಗೆ ನೀರು ಹಾಯಿಸುತ್ತಿದ್ದರು. ಕೈಕಾಲು ತೊಳೆದು, ರುಮಾಲು ಸುತ್ತಿ ಬಂದರು. ಅಷ್ಟರಲ್ಲಿ ಅದು ಕಾದು ಬೇಸತ್ತು ತಾನೇ ಹಿಂದಿನಂತೆ ಆಗಿತ್ತು.

ಅಕ್ಕಾರು ಅವರ ಮುಂದೆಯೇ ಮತ್ತೆ ಮಾಡಿದರು. ಹಿಂದಿನ ಅಧ್ಯಕ್ಷರಿದ್ದಾಗ ಅಕ್ಷರ ಎಷ್ಟಿದ್ದವು ಅಂತ ಇವರು ವಿಚಾರಿಸಿದರು. ಅಷ್ಟರಲ್ಲಿ ಅದು ಮತ್ತೆ ದೊಡ್ಡದಾಯಿತು. ಅಧ್ಯಕ್ಷರಿಗೆ ಸಿಟ್ಟು ಬಂತು.

"ನಾ ಇನ್ನಾ ಹೂಂ ಅಂದಿಲ್ಲ. ಇದಕ್ಕ ಯಾರ ಹೇಳ್ಯಾರ?"

ಸರಿ ಮಾಡಬ್ಯಾಡ್ರಿ

ಚಿಕ್ಕೋಡಿಯಿಂದ ಮೆಕ್ಯಾನಿಕ್‌ನನ್ನು ಕರೆಸಿದರು. ಅವನು ಬರುವ ದಿನ ಮುಂಜಾನೆ ನಾನು ಕಂಪ್ಯೂಟರಿನ ಖೋಲಿ ಕಸ ಹೊಡೆಯುತ್ತಿದ್ದೆ. ಅಕ್ಕಾರು ಹಳೆಯ ಫೋಟೋ ತೆಗೆದು ನೋಡುತ್ತಿದ್ದರು. ತಲೆ ಎತ್ತಿದೆ. ಪರದೆ ತುಂಬ ಆಕಿ.

ಸೌಟು ಹಿಡಿದಿದ್ದಳು. ಮೂಗಿನ ನತ್ತು ಕಾಣುತ್ತಿತ್ತು. ನಗು ತಡೆದುಕೊಂಡಿದ್ದಳು. ಎಳ್ಳಿನಷ್ಟಿದ್ದಾಗ ಅದು ಗೊತ್ತಾಗಿರಲಿಲ್ಲ. ನನ್ನ ಕೈಯಲ್ಲಿ ಕಸಬರಗಿ ಹಾಗೇ ಉಳಿಯಿತು.

"ಅಕ್ಕಾರ, ಇದನ್ನ ಹಿಂಗ ಇರಲಿ ಬಿಡ್ರಿ. ಸರಿ ಮಾಡಬ್ಯಾಡ್ರಿ. ಅಂವಾ ಬಂದ್ರ ಆಕಿ ಮತ್ತ ಸಣ್ಣಾಕಿ ಆಗತಾಳ."

 ಪರದೆಯ ಮೇಲೆ ಇದ್ದದ್ದನ್ನು ಇದ್ದ ಹಾಗೇ ಹಿಡಿಯುವ ಕೀಲಿ ಒಂದಿದೆಯಂತೆ. ಅಕ್ಕಾರು ಅದನ್ನು ಒತ್ತಿ ಪೆನ್‌ಡ್ರೈವಿಗೆ ಹಾಕಿ ಕೊಟ್ಟರು. ಪರದೆಯಲ್ಲಿ ಎಷ್ಟಿತ್ತೋ ಅಷ್ಟೇ ಬಂತು. ಬಲಕ್ಕೆ ಆಕಿ, ಎಡಕ್ಕೆ ಅರ್ಧ ಹೆಡ್‌ಮಾಸ್ತರು. ಒಂದು ಕಿವಿ, ಅರ್ಧ ಮೀಸೆ, ಒಂದು ಭುಜ.

ಮೆಕ್ಯಾನಿಕ್ ಬಂದವನು ಪರದೆಯ ವಾಯರು ಕಿತ್ತು ಉಫ್ ಅಂತ ಊದಿದ. ಕುಂಕುಮ ಹಾರಿ ಕನ್ನಡ ಮಾಸ್ತರ ಅಂಗಿ ಕೆಂಪಾಯಿತು.

"ಪರದೆ ಎಷ್ಟ ದೊಡ್ಡದೈತಿ ಅಂತ ಈ ವಾಯರ ಒಳಗ ಹೇಳಬೇಕ್ರಿ. ಬಾಯಾಗ ಕುಂಕುಮಾ ತುಂಬಿದ್ರ ಹೆಂಗ ಹೇಳೀತು?"

ಒರೆಸಿ ಕೂಡಿಸಿದ. ಎಲ್ಲ ಸಣ್ಣದಾಯಿತು. ಹೋಗುವಾಗ ಆ ಫೋಟೋ ನೋಡಿ, ಇದನ್ನು ಯಾವಾಗ ಬೇಕಾದರೂ ಬೇಕಾದಷ್ಟು ದೊಡ್ಡದು ಮಾಡಬಹುದು, ಇಲ್ಲೇ ಐತಿ ಅಂತ ಮೌಸಿನ ಗಾಲಿ ತಿರುಗಿಸಿ ತೋರಿಸಿದ. ಅಕ್ಕಾರು ನನ್ನ ಮುಖ ನೋಡಿದರು. ನಾನು ಕಸ ಹೊಡೆದೆ.

ವರ್ಷದ ಕಾರ್ಯ

ಅಷ್ಟೊತ್ತಿಗೆ ಒಬ್ಬ ಹುಡುಗನ ಕೈಯಲ್ಲಿ ಪೆನ್‌ಡ್ರೈವು ಏಕಸಂಬಿಯ ಸ್ಟುಡಿಯೋಕ್ಕೆ ಮುಟ್ಟಿತ್ತು. ಈ ಅರ್ಧ ಮನುಷ್ಯನನ್ನು ತೆಗೆಯಲೇ ಅಂತ ಸ್ಟುಡಿಯೋದವನು ಕೇಳಿದ. ಆದರೆ ಹೆಡ್‌ಮಾಸ್ತರ ಕಿವಿ ಆಕಿಯ ಕೆನ್ನೆಗೆ ಹತ್ತಿತ್ತು. ತೆಗೆದರೆ ಕೆನ್ನೆಯೂ ಹೋಗುತ್ತಿತ್ತು. ಇರಲಿ ಅಂದೆ. ಕಟ್ಟು ಹಾಕಿಸಿ, ಗೋಡೆಗೆ ಹಾಕಿ, ಚೆಂಡುಹೂವಿನ ದಪ್ಪ ಮಾಲಿ ಹಾಕಿದೆ.

ಕಾರ್ಯದ ದಿನ ಹೆಡ್‌ಮಾಸ್ತರು ಹೆಂಡತಿಯನ್ನು ಕರಕೊಂಡು ಬಂದರು. ಫೋಟೋದ ಮುಂದೆ ನಿಂತು ಕೈ ಮುಗಿದರು. ಕಣ್ಣು ತೆರೆದರು. ಮುಗಿದ ಕೈ ಕೆಳಗಿಳಿಯಿತು.

"ಏನಪಾ, ನನ್ನೂ ಕಳಿಸಿಬಿಟ್ಟೆಲ್ಲೋ?"

ಬದುಕಿದ್ದವರಿಗೆ ಮಾಲಿ ಹಾಕಿದರೆ ಆಯುಷ್ಯ ಕಡಿಮೆಯಾಗುತ್ತದೆ, ಈಗಿಂದೀಗ ಇಳಿಸು ಅಂದರು. ಬೆವರು ಒರೆಸಿಕೊಂಡರು. 

"ಸರ್ರ, ಆಕಿದು ಇದೊಂದ ಐತ್ರಿ."

 ಹೆಡ್‌ಮಾಸ್ತರ ಹೆಂಡತಿ ಮುಂದೆ ಬಂದು ಫೋಟೋ ಚೆಂದಾಗಿ ನೋಡಿದರು.

"ಇರಲಿ ಬಿಡ್ರಿ. ಅರ್ಧಾ ಅಷ್ಟ ಹೋಗ್ಯಾರ. ಉಳದ ಅರ್ಧಾ ನನಗ ಸಾಕಾಗೇತಿ."

ಊಟಕ್ಕೆ ಕುಂತ ಪಂಕ್ತಿ ಪೂರಾ ನಕ್ಕಿತು. ಹೆಡ್‌ಮಾಸ್ತರೂ ನಕ್ಕರು. ಏನಾದರೂ ಮಾಡು, ನಾ ಮಾತ್ರ ಕಾಣಬಾರದು ಅಂದರು. ಒಂದು ವರ್ಷದಿಂದ ನಮ್ಮ ಮನೆಯಲ್ಲಿ ಯಾರೂ ನಕ್ಕಿರಲಿಲ್ಲ.

ಮರುದಿನ ಮುಂಜಾನೆ ಸ್ಟೂಲು ಹತ್ತಿ ಮಾಲಿಯನ್ನು ಎಡಕ್ಕೆ ಸರಿಸಿದೆ. ಮೀಸೆ ಮುಚ್ಚಿತು, ಭುಜ ಮುಚ್ಚಿತು. ಆಕಿ ಪೂರಾ ಕಂಡಳು. ಹೆಡ್‌ಮಾಸ್ತರ ಕಿವಿ ಒಂದು ಮಾತ್ರ ಹೊರಗೆ ಉಳಿಯಿತು. ಅದಕ್ಕೊಂದು ಚೆಂಡುಹೂ ಸಿಗಿಸಿ, ಶಾಲೆ ಗಂಟೆ ಬಾರಿಸಲು ಹೋದೆ.