ಹೊಟ್ಟೆ ಕೆಟ್ಟವರೇ ಹಾಜರು

ಸಾಲ್ಮೊನೆಲ್ಲಾ ಎಂಬ ರೋಗಾಣು ಕಂಪ್ಲಿ, ಸಂಡೂರು ಮತ್ತು ಹಂಪಿಗಳಲ್ಲಿ ಹರಡಿದ್ದು ಕಚೇರಿಯ ಪ್ರವಾಸ ಕಾರ್ಯಕ್ರಮಕ್ಕೆ ಅನುಗುಣವಾಗಿಯೇ ಎಂಬುದು ದಾಖಲೆಗಳಿಂದ ದೃಢಪಟ್ಟಿದೆ. ಇದರಲ್ಲಿ ಯಾವ ನಿಯಮದ ಉಲ್ಲಂಘನೆಯೂ ಆಗಿಲ್ಲ.

ಹೊಸಪೇಟೆಯ ರೋಗಾಣು ಜಾಡು ಅಭಿಯಾನ ಕಚೇರಿಯಲ್ಲಿ ಅಂಜಲಿ ಎಂಬ ತಜ್ಞೆ ಇದ್ದಳು. ತಂದೆ ತೋರಣಗಲ್ಲಿನಲ್ಲಿ ಗುತ್ತಿಗೆ ಕಾರ್ಮಿಕ. ಮಗಳು ಓದಿ ಪ್ರಯೋಗಾಲಯ ಸೇರಿದ್ದಳು. ವಾಂತಿಭೇದಿಯಾದವರ ಮಲದ ಮಾದರಿಯಿಂದ ರೋಗಾಣುವನ್ನು ಬೆಳೆಸಿ, ಅದರ ವಂಶವಾಹಿಯನ್ನು ಅಕ್ಷರ ಅಕ್ಷರವಾಗಿ ಓದಿ, ಈ ಊರಿನ ರೋಗಾಣು ಆ ಊರಿನದಕ್ಕೆ ನೆಂಟ ಹೌದೋ ಅಲ್ಲವೋ ಎಂದು ಹೇಳುವುದು ಆಕೆಯ ಕೆಲಸ. ಔಷಧಿಗೆ ಬಗ್ಗದ ತಳಿ ಎಲ್ಲಿಂದ ಹೊರಟಿತೆಂದು ಗೊತ್ತಾದರೆ ಅಲ್ಲೇ ತಡೆಯಬಹುದೆಂದು ಆಕೆ ನಂಬಿದ್ದಳು. ಆಕೆಯ ಪ್ರೊಬೇಷನ್ ಅವಧಿ ಇನ್ನೂ ಮುಗಿದಿರಲಿಲ್ಲ.

ಒಂದು ಸೋಮವಾರ ಆಕೆ ನಕ್ಷೆ ಹಿಡಿದು ಮುಖ್ಯಸ್ಥರಾದ ಜಂಬುನಾಥ್ ಅವರ ಕೋಣೆಗೆ ಹೋದಳು.

"ಸರ್, ಮೊದಲ ವಾರ ಕಂಪ್ಲಿ, ಎರಡನೇ ವಾರ ಸಂಡೂರು, ಮೂರನೇ ವಾರ ಹಂಪಿ. ರೋಗ ಹಿಂಗ ಹೋಗೇತ್ರಿ."

"ನಾವೂ ಹಂಗ ಹೋಗಿದ್ವಲ್ಲ?"

"ಅದನ್ನ ಹೇಳಾಕ ಬಂದೀನ್ರಿ."

ಔಷಧಿಗೆ ಬಗ್ಗದ ರೋಗಾಣುಗಳ ಬಗ್ಗೆ ಜನರನ್ನು ಎಚ್ಚರಿಸಲು ಕಚೇರಿ ಆ ಮೂರೂ ಊರುಗಳಲ್ಲಿ ಜಾಗೃತಿ ಸಭೆ ನಡೆಸಿತ್ತು. ಸಭೆಯ ನಂತರ ಹಂಚಿದ ಊಟದ ಡಬ್ಬಿಯಲ್ಲಿ ಹಸಿ ತತ್ತಿಯ ಮೇಯೊನೀಸ್ ಹಚ್ಚಿದ ಬ್ರೆಡ್ ಇತ್ತು. ತತ್ತಿ ಬಂದದ್ದು ಜಂಬುನಾಥ್ ಅವರ ಹೆಂಡತಿಯ ತಮ್ಮ ಲಿಂಗರಾಜನ ಕೋಳಿ ಫಾರಂನಿಂದ. ಕೋಳಿಗಳಿಗೆ ಕಾಯಿಲೆ ಬರಬಾರದೆಂದು ಲಿಂಗರಾಜ ದಿನವೂ ಮೇವಿನಲ್ಲಿ ಆಂಟಿಬಯೋಟಿಕ್ ಬೆರೆಸುತ್ತಿದ್ದ. ಅದನ್ನೇ ಉಂಡು ಉಂಡು ರೋಗಾಣುವಿಗೆ ಅದು ಒಗ್ಗಿಹೋಗಿತ್ತು.

"ಫಾರಂನ ರೋಗಾಣುನೂ ಇದಕ್ಕ ತಾಳೆ ಆಗೇತ್ರಿ. ತತ್ತಿ ತರಿಸೋದು ನಿಲ್ಲಿಸಬೇಕು. ಮೇವಿಗೆ ಔಷಧಿ ಹಾಕೋದೂ ನಿಲ್ಲಿಸಬೇಕು," ಎಂದಳು ಅಂಜಲಿ.

ಜಂಬುನಾಥ್ ವರದಿಯನ್ನು ಶ್ರದ್ಧೆಯಿಂದ ಓದಿದರು. ಅವರ ಮೇಜಿನ ಮೇಲೆ ಕೇಂದ್ರ ಕಚೇರಿಯ ಪತ್ರವೊಂದು ಬಿದ್ದಿತ್ತು. ಮೂರೂ ಸಭೆಗಳ ಹಾಜರಿ ಪುಸ್ತಕದಲ್ಲಿ ಎಲ್ಲ ಸಹಿಗಳೂ ಒಂದೇ ಕೈಬರಹದಲ್ಲಿರುವುದರಿಂದ, ಸಿಬ್ಬಂದಿ ನಿಜಕ್ಕೂ ಹೋಗಿದ್ದರೆಂದು ರುಜುವಾತು ಪಡಿಸಲು ಅದರಲ್ಲಿ ಸೂಚಿಸಲಾಗಿತ್ತು. ಆ ಪತ್ರ ಬಂದಾಗಿನಿಂದ ಅವರಿಗೆ ಊಟ ಸೇರಿರಲಿಲ್ಲ.

"ಮೇಡಂ, ಸಹಿ ಯಾರು ಬೇಕಾದ್ರೂ ಮಾಡಬೌದು. ಈ ವಂಶವಾಹಿನ ಹಂಗ ನಕಲು ಮಾಡಾಕ ಬರತೈತೇನು?"

"ಇಲ್ರಿ," ಎಂದು ಅಂಜಲಿ ಸತ್ಯವನ್ನೇ ನುಡಿದಳು.

"ಮಸ್ತ್!" ಎಂದರು ಜಂಬುನಾಥ್.

ಮರುದಿನ ಹೊರಬಿದ್ದ ಸುತ್ತೋಲೆ ಹೀಗಿತ್ತು: "ಸಹಿ ನಂಬಲರ್ಹವಲ್ಲವೆಂದು ಕಂಡುಬಂದಿರುವುದರಿಂದ, ಜಾಗೃತಿ ಸಭೆಗಳ ಹಾಜರಿಯನ್ನು ವಂಶವಾಹಿ ವರದಿಯ ಆಧಾರದ ಮೇಲೆ ಪರಿಗಣಿಸಲಾಗುವುದು. ಅಧಿಕೃತ ತಳಿ ಪತ್ತೆಯಾದವರನ್ನು ಹಾಜರೆಂದೂ, ಆಗದವರನ್ನು ಅನಧಿಕೃತ ಗೈರೆಂದೂ ಭಾವಿಸತಕ್ಕದ್ದು. ಬೇರೆ ಕಾರಣಗಳಿಂದ ಹೊಟ್ಟೆ ಕೆಡಿಸಿಕೊಂಡವರ ಮನವಿಗಳನ್ನು ಪರಿಶೀಲಿಸಲಾಗುವುದಿಲ್ಲ. ಕೋಳಿ ಫಾರಂನಲ್ಲಿ ತಳಿಯ ಮೂಲಕ್ಕೆ ಧಕ್ಕೆ ತರುವುದನ್ನು ದಾಖಲೆ ನಾಶವೆಂದು ಪರಿಗಣಿಸಲಾಗುವುದು."

ಸಿಬ್ಬಂದಿ ಸಹಕರಿಸಿದರು. ಗುಮಾಸ್ತ ಪಕ್ಕೀರಪ್ಪ ಒಂದು ಸಭೆಗೂ ಹೋದವನಲ್ಲ. ಮಿಕ್ಕ ಡಬ್ಬಿಗಳನ್ನು ಮನೆಗೆ ತರಿಸಿಕೊಂಡು ಉಂಡಿದ್ದ. ಅವನ ಹಾಜರಿ ನೂರಕ್ಕೆ ನೂರು ಬಂತು. ಅವನ ಅತ್ತೆಯೂ ಹಾಜರಿದ್ದರೆಂದು ದಾಖಲಾಯಿತು.

ತೊಂದರೆಯಾದದ್ದು ಜವಾನ ಮಾರೆಪ್ಪನಿಗೆ. ಹನ್ನೊಂದು ವರ್ಷದಿಂದ ಹೊರಗುತ್ತಿಗೆಯಲ್ಲಿದ್ದ ಅವನೇ ಮೂರೂ ಊರುಗಳಲ್ಲಿ ಜಮಖಾನೆ ಹಾಸಿ ಡಬ್ಬಿ ಹಂಚಿದ್ದ. ಆದರೆ ಪಕ್ಕೀರಪ್ಪನ ಮನೆಗೆ ಎತ್ತಿಟ್ಟ ಮೇಲೆ ಮಾರೆಪ್ಪನ ಪಾಲಿಗೆ ಡಬ್ಬಿ ಉಳಿಯುತ್ತಿರಲಿಲ್ಲ. ಹೆಂಡತಿ ಎರ್ರೆಮ್ಮ ಕಟ್ಟಿಕೊಟ್ಟ ರೊಟ್ಟಿ, ಪುಂಡಿಪಲ್ಯವನ್ನು ಹಂಪಿ ಬಜಾರಿನ ಕಲ್ಲುಮಂಟಪದ ನೆರಳಲ್ಲಿ ಕೂತು ಉಂಡಿದ್ದ. ಅವನ ಮಾದರಿ ಶುದ್ಧವಾಗಿತ್ತು. ಕೆಲಸದಿಂದ ಏಕೆ ತೆಗೆಯಬಾರದೆಂದು ನೋಟಿಸ್ ಬಂತು.

"ಮೇಡಂ, ಕಂಪ್ಲ್ಯಾಗ ಕರೆಂಟ್ ಹೋದಾಗ ಜನರೇಟರ್ ಎಳೆದಾವ ನಾನು. ನಾನು ಬಂದಿಲ್ಲಂತ ಹೆಂಗ ಬರೀತಾರ್ರಿ?"

"ನಾನು ಕಣ್ಣಾರೆ ನೋಡೀನಿ ಮಾರೆಪ್ಪಣ್ಣ. ಬರದು ಕೊಡ್ತೀನಿ ತಾಳು."

ಬರೆದು ಕೊಟ್ಟಳು. "ಕಣ್ಣಿನಿಂದ ನೋಡಿದ್ದು ವೈಜ್ಞಾನಿಕ ಪುರಾವೆಯಲ್ಲ" ಎಂಬ ಷರಾದೊಂದಿಗೆ ಪತ್ರ ವಾಪಸಾಯಿತು.

ಜಂಬುನಾಥ್ ಕಲ್ಲುಮನಸ್ಸಿನವರಲ್ಲ. ಮಾರೆಪ್ಪ ತನ್ನ ಹಾಜರಿಯನ್ನು ಸಕ್ರಮಗೊಳಿಸಿಕೊಳ್ಳಲೆಂದು ಒಂದು ಪೂರಕ ಊಟ ಮಂಜೂರು ಮಾಡಿದರು. ಡಬ್ಬಿಯ ಮುಂದೆ ಗಂಡ ಹೆಂಡತಿ ಕೂತರು. ಅಂಜಲಿ ಓಡಿಬಂದಳು.

"ಬ್ಯಾಡ ಎರ್ರೆಮ್ಮಕ್ಕ, ತಿನ್ನಿಸಬ್ಯಾಡ. ಇದಕ್ಕ ಸಾದಾ ಔಷಧಿ ನಾಟಂಗಿಲ್ಲ. ಜೀವಕ್ಕ ಬರಬೌದು."

ಎರ್ರೆಮ್ಮ ಗಂಡನ ಮುಖ ನೋಡಿದಳು. "ತಿನ್ನದಿದ್ರ ಕೆಲಸ ಹೋಗತೈತಿ. ಅದಕ್ಕ ಯಾವ ಔಷಧಿ ಐತ್ರಿ ಮೇಡಂ?"

ಮಾರೆಪ್ಪ ಉಂಡ. "ರುಚಿ ಐತ್ರಿ," ಎಂದು ಸೌಜನ್ಯಕ್ಕೆ ಹೇಳಿದ.

ಎರಡನೆಯ ದಿನ ಅವನು ಆಸ್ಪತ್ರೆ ಸೇರಿದ. ಮೊದಲ ಔಷಧಿ ನಾಟಲಿಲ್ಲ, ಎರಡನೆಯದೂ ನಾಟಲಿಲ್ಲ. ಐದನೆಯ ದಿನ ಎರ್ರೆಮ್ಮ ಅಳುವುದನ್ನೂ ನಿಲ್ಲಿಸಿದಳು. ಅಂಜಲಿ ವಾರ್ಡಿನ ಹೊರಗಿನ ಬೆಂಚಿನ ಮೇಲೆ ಕೂತೇ ಕೇಂದ್ರ ಕಚೇರಿಗೆ ಎಲ್ಲವನ್ನೂ ಬರೆದಳು: ಫಾರಂ, ತತ್ತಿ, ಸುತ್ತೋಲೆ, ಮಾರೆಪ್ಪ. ಯಾವ ಹೆಸರನ್ನೂ ಬಿಡಲಿಲ್ಲ. ಆರನೆಯ ದಿನ ವೈದ್ಯರು ಕೊನೆಯದಾಗಿ ಉಳಿದಿದ್ದ ಇಂಜೆಕ್ಷನ್ ಕೊಟ್ಟರು. ಜ್ವರ ಇಳಿಯಿತು.

ಮಾರೆಪ್ಪನ ರೋಗಾಣು ಒಂದಕ್ಷರವೂ ತಪ್ಪದೆ ಅಧಿಕೃತ ತಳಿಗೆ ತಾಳೆಯಾಯಿತು. ನೋಟಿಸ್ ರದ್ದಾಯಿತು. ಆಸ್ಪತ್ರೆಯ ದಿನಗಳನ್ನು ಕರ್ತವ್ಯವೆಂದೇ ಪರಿಗಣಿಸಲಾಯಿತು. ಗೋಡೆ ಹಿಡಿದು ನಡೆಯುತ್ತ ಬಂದ ಅವನು ಎಲ್ಲರಿಗೂ ಪೇಡೆ ಹಂಚಿದ.

ಕೇಂದ್ರ ಕಚೇರಿಯ ಉತ್ತರವೂ ಬಂತು. ಅಂಜಲಿಯ ಪತ್ರವನ್ನು ಅಲ್ಲಿ ಕೂಲಂಕಷವಾಗಿ ಓದಲಾಗಿತ್ತು. ಇಷ್ಟು ನಿಖರವಾದ ಹಾಜರಿ ಪದ್ಧತಿಗಾಗಿ ಆಕೆಯನ್ನು ಅಭಿನಂದಿಸಿ, ಪ್ರೊಬೇಷನ್ ಮುಗಿದಿದೆಯೆಂದು ಘೋಷಿಸಿ, ಉಳಿದ ಇಲಾಖೆಗಳಿಗೂ ಪದ್ಧತಿಯನ್ನು ವಿಸ್ತರಿಸಲಾಗಿತ್ತು. ಲಿಂಗರಾಜ ಏಕೈಕ ಅಧಿಕೃತ ತತ್ತಿ ಸರಬರಾಜುದಾರನಾದ. ಅಂಜಲಿ ಪತ್ರವನ್ನು ಎರಡು ಸಲ ಓದಿ, ಮಡಿಚಿ, ಕೈ ತೊಳೆದುಕೊಂಡು ಬಂದು ಕೂತಳು.

ಈಗ ಪ್ರಯೋಗಾಲಯದ ಮುಂದೆ ಬೆಳಿಗ್ಗೆ ಒಂಬತ್ತಕ್ಕೇ ಸಾಲು ನಿಲ್ಲುತ್ತದೆ. ಮೊನ್ನೆ ಪಾಪಿನಾಯಕನಹಳ್ಳಿಯಿಂದ ಬಂದ ಅಂಗನವಾಡಿಯ ಬಸಕ್ಕ, ಹೊಟ್ಟೆ ಹಿಡಿದುಕೊಂಡು, ಅಂಜಲಿಯ ಮುಂದೆ ಕಣ್ಣೀರು ತೆಗೆದಳು.

"ನಿನ್ನೆಯಿಂದ ಭಾಳ ಕೆಟ್ಟೈತ್ರಿ ಮೇಡಂ. ಆದ್ರ ಇದು ಮನಿ ಊಟದಿಂದ ಕೆಟ್ಟಿದ್ರ ನನ್ನ ಗತಿ ಏನ್ರಿ?"

"ಕುಂದ್ರಿ, ನೋಡೋಣ," ಎಂದು ಅಂಜಲಿ ಮಾದರಿಯನ್ನು ಇಸಿದುಕೊಂಡಳು.

"ಹಂಗೇನೂ ಆಗಿರಂಗಿಲ್ಲ ಬಿಡ್ರಿ ಅಕ್ಕಾರ," ಎಂದು ಸಾಲಿನಲ್ಲಿದ್ದವರೆಲ್ಲ ಬಸಕ್ಕನಿಗೆ ಧೈರ್ಯ ಹೇಳಿದರು.