ಗುಲಾಬಿ ಡಂಬೆಲ್ ಕೊಟ್ಟ ಅಂಗಡಿಯವರಿಗೆ

ಕೊಲ್ಹಾಪುರದ ವಜ್ರದೇಹ ವ್ಯಾಯಾಮ ಸಾಮಾನಿನ ಅಂಗಡಿಯ ಮಾಲೀಕರೂ, ಗಿರಾಕಿ ಬಾಯಿ ತೆರೆಯುವ ಮೊದಲೇ ಅವರ ಬಲವನ್ನು ಕಣ್ಣಿನಲ್ಲೇ ತೂಗಿಬಿಡುವ ಮಹನೀಯರೂ ಆದ ಬಸಗೊಂಡ ಅಣ್ಣನವರ ಸನ್ನಿಧಿಗೆ, ಇಚಲಕರಂಜಿಯಿಂದ ಪೂನಮ ಮಾಡುವ ಸಾವಿರ ನಮಸ್ಕಾರಗಳು.

ಮಾನ್ಯರೇ,

ತಾವೂ ತಮ್ಮ ಅಂಗಡಿಯ ದೊಡ್ಡ ಕನ್ನಡಿಗಳೂ ಕ್ಷೇಮವೆಂದು ನಂಬಿದ್ದೇನೆ. ನಾನು ಇಲ್ಲಿ ಅರಿಹಂತ ಶೇಠರ ಮಗ್ಗದ ಕಾರ್ಖಾನೆಯಲ್ಲಿ ಲಾಳಿಯೊಳಗಿನ ಕಾಂಡಿಗೆ ನೂಲು ಸುತ್ತುವವಳು. ನನಗೂ ಒಂದು ಮಗ್ಗ ನಡೆಸಲು ಕೊಡಿ ಎಂದು ಧೈರ್ಯ ಮಾಡಿ ಕೇಳಿದಾಗ ಶೇಠರು ಎಲ್ಲರೆದುರು, "ಮಗ್ಗ ಬೇಕಂದ್ರ ಬೀಮ್ ಎತ್ತಬೇಕವಾ. ದೀಪಾವಳಿ ಒಳಗ ಒಂದ ತುದಿ ಹೆಗಲಿಗೆ ತಂದ ತೋರ್ಸು, ಆಮ್ಯಾಲ ಮಾತಾಡೂಣು" ಅಂದರು. ಬೀಮೆಂದರೆ ಮಗ್ಗಕ್ಕೆ ಏರಿಸುವ ಉದ್ದನೆಯ ಕಬ್ಬಿಣದ ಉರುಳೆ; ನೂಲು ತುಂಬಿದ ಮೇಲೆ ಅದನ್ನು ಇಬ್ಬರು ಗಂಡಸರು ಉಸಿರು ಬಿಗಿಹಿಡಿದು ಎತ್ತುತ್ತಾರೆ. ಆದ್ದರಿಂದ ಎಲ್ಲರೂ ನಕ್ಕರು. ಜಿಮ್ಮಿಗೆ ಹೋಗಲು ನಾಚಿಕೆ. ಹಾಗಾಗಿ ಮನೆಯಲ್ಲೇ ಮೈ ಗಟ್ಟಿ ಮಾಡಿಕೊಳ್ಳೋಣ, ಕೈಯಲ್ಲಿದ್ದಷ್ಟರಲ್ಲಿ ಒಂದು ರಾಡು ಮತ್ತು ಕಬ್ಬಿಣದ ಪ್ಲೇಟು ತರೋಣ ಎಂದು ಬಸ್ ಹತ್ತಿ ತಮ್ಮಲ್ಲಿಗೆ ಬಂದೆ.

ನಾನು ರಾಡು, ಪ್ಲೇಟುಗಳತ್ತ ಬೆರಳು ತೋರಿಸಿದ ಕೂಡಲೇ ತಾವು ನಕ್ಕು, "ಅದು ಗಂಡಸರದ, ತಂಗಿ, ನಿಮಗಂತನ ಬ್ಯಾರೇ ಲೇಡೀಜ್ ಸೆಟ್ ಐತಿ" ಅಂದಿರಿ. ಆ ಸೆಟ್ಟು ಪ್ಲೇಟುಗಳ ಹಿಂದೆ ಸಿಕ್ಕಿಕೊಂಡಿತ್ತು. ತಮ್ಮ ಬಿಳಿ ಅಂಗಿಗೆ ಗ್ರೀಸು ಹತ್ತಬಾರದೆಂದು, "ಅವನ್ನೆಲ್ಲಾ ಒಂಚೂರ ಆ ಕಡೆ ಎತ್ತಿ ಇಡವಾ" ಎಂದು ನನಗೇ ಹೇಳಿದಿರಿ. ನಾನು ಪ್ಲೇಟುಗಳನ್ನೂ ರಾಡನ್ನೂ ಎತ್ತಿ ಪಕ್ಕಕ್ಕಿಟ್ಟೆ. ಆಗ ಹಿಂದಿನಿಂದ ಒಂದೊಂದು ಕಿಲೋದ ಎರಡು ಗುಲಾಬಿ ಡಂಬೆಲ್, ಜಿಗಿಯುವ ಹಗ್ಗ ಮತ್ತು ತೂಕ ಇಳಿಸುವ ಬೆಲ್ಟು ಹೊರಬಂದವು. "ಇವನ್ನ ಸುದ್ದಾ ಹಗೂರಕ ಎತ್ತು, ಕೈ ಉಳಕೀತು" ಎಂದು ತಾವು ತೋರಿದ ಕಾಳಜಿಗೆ "ಹೌದ್ರಿ" ಎಂದು ಪ್ಲೇಟುಗಳನ್ನು ಮತ್ತೆ ಮೊದಲಿನ ಜಾಗಕ್ಕೆ ಜೋಡಿಸಿಟ್ಟು, ಲೇಡೀಜ್ ಸೆಟ್ಟನ್ನೇ ಕೊಂಡು ಬಂದೆ.

ಮನೆಯಲ್ಲಿ ನಮ್ಮವ್ವ ಪಾರುಬಾಯಿ ಎರಡೂ ಡಂಬೆಲ್ಲನ್ನು ಒಂದೇ ಕೈಯಲ್ಲಿ ಹಿಡಿದು, "ಏ ಪೂನಿ, ನಮ್ಮ ರುಬ್ಬೂ ಗುಂಡ ಇದಕಿಂತ ಜಡ ಐತಲ್ಲ! ಚಟ್ನಿ ರುಬ್ಬಿದ್ರ ಮೈಯೂ ಗಟ್ಟಿ ಆಗ್ತಿತ್ತು, ಊಟಾನೂ ಆಗ್ತಿತ್ತು" ಅಂದಳು. ವಾಪಸ್ ಕೊಡುತ್ತೇನೆಂದು ಫೋನ್ ಮಾಡಿದರೆ, ಕೈ ಹಚ್ಚಿದ ಮಾಲು ವಾಪಸ್ ಇಲ್ಲ ಎಂದಿರಿ. ನಾನು ಕೈ ಹಚ್ಚಿದ ಪ್ಲೇಟುಗಳನ್ನು ಮಾತ್ರ ತಾವು ಇನ್ನೂ ಹೊಸವೆಂದೇ ಮಾರುತ್ತಿರುವುದು ತಮ್ಮ ದೊಡ್ಡತನ.

ಆದ್ದರಿಂದ ತಮ್ಮಲ್ಲಿ ಕೆಲವು ಬಿನ್ನಹಗಳು. ಇಚಲಕರಂಜಿಯ ಬೀಮುಗಳಿಗೂ ಒಂದು ಲೇಡೀಜ್ ತೂಕ ಗೊತ್ತುಮಾಡಿ ಗುಲಾಬಿ ಬಣ್ಣ ಬಳಿಸಬೇಕು. ಅದಾಗದಿದ್ದರೆ, ತಮ್ಮ ಬೆಲ್ಟನ್ನು ಬೀಮಿಗೇ ಸುತ್ತಿದರೆ ಅದು ಎಷ್ಟು ದಿನದಲ್ಲಿ ತೆಳ್ಳಗಾಗುತ್ತದೆಂದು ತಿಳಿಸಬೇಕು. ತುಂಬಿದ ಕೊಡ, ಹಿಟ್ಟಿನ ಚೀಲ, ಗ್ಯಾಸಿನ ಸಿಲಿಂಡರು, ನಿದ್ದೆ ಹೋದ ಮಗು, ಇವೆಲ್ಲ ಗಂಡಸರ ಸೆಟ್ಟಿನವು ಎಂದು ಒಂದು ಬೋರ್ಡು ಬರೆಸಿ ನಮ್ಮ ಓಣಿಯಲ್ಲಿ ಹಚ್ಚಬೇಕು. ಗಂಡಸರಿಗೆ ಇದನ್ನು ಇದುವರೆಗೆ ಯಾರೂ ಹೇಳಿಲ್ಲ.

ಈ ನಡುವೆ ನಾನು ಎರಡು ಎಣ್ಣೆ ಡಬ್ಬಿಗಳಿಗೆ ಮರಳು ತುಂಬಿ, ಹಳೆಯ ಪೈಪಿನ ತುದಿಗಳಿಗೆ ಕಟ್ಟಿ, ದಿನಾ ಬೆಳಿಗ್ಗೆ ಬಾಗಿಲು ಹಾಕಿಕೊಂಡು ಎತ್ತುತ್ತಿದ್ದೆ. ವಾರಕ್ಕಿಷ್ಟು ಮರಳು ಹೆಚ್ಚು. ಮೊನ್ನೆ ಕಾರ್ಖಾನೆಯಲ್ಲಿ ಬೀಮಿನ ಮುಂದೆ ನಿಂತಾಗ, ನನ್ನನ್ನು ಪರೀಕ್ಷಿಸಲು ಇನ್ನೊಂದು ತುದಿಯನ್ನು ಶೇಠರೇ ಹಿಡಿದರು. ನನ್ನ ತುದಿ ಹೆಗಲಿಗೆ ಬಂತು. ಈ ಸಲ ಯಾರೂ ನಗಲಿಲ್ಲ. ಈಗ ಈ ಪತ್ರವನ್ನು ನನ್ನ ಮಗ್ಗದ ಪಕ್ಕದಲ್ಲಿ ಕೂತು ಬರೆಯುತ್ತಿದ್ದೇನೆ. ಇದರಲ್ಲಿ ತಮ್ಮ ಸೆಟ್ಟಿನ ಪಾಲು ಏನೂ ಇಲ್ಲವೆಂಬ ದುಃಖವನ್ನು ತಾವು ಹಗೂರಕ ಎತ್ತಿಕೊಳ್ಳಬೇಕು.

ತಮ್ಮ ಮಾತಿಗೆಲ್ಲ ಹೌದ್ರಿ ಅಂದ, ಇನ್ನು ಮುಂದೆ ಅನ್ನದ,
ತಮ್ಮ ವಿಶ್ವಾಸಿ,
ಪೂನಮ

ತಾ.ಕ.: ಬೀಮು ಇಳಿಸಿದಂದಿನಿಂದ ಶೇಠರು ಸೊಂಟ ಹಿಡಿದುಕೊಂಡು ಮಲಗಿದ್ದಾರೆ. ವ್ಯಾಯಾಮವನ್ನು ಹಗುರದಿಂದ ಶುರು ಮಾಡಿ ಎಂದು ಡಾಕ್ಟರು ಹೇಳಿದ್ದಕ್ಕೆ ನಾನು ಲೇಡೀಜ್ ಸೆಟ್ಟನ್ನು ಅವರಿಗೇ ಕೊಟ್ಟೆ. ಒಂದು ಕಿಲೋ ಸದ್ಯಕ್ಕೆ ಭಾರವಾಗುತ್ತದಂತೆ. ಅರ್ಧ ಕಿಲೋದ್ದಿದ್ದರೆ ಕಳಿಸಿಕೊಡಿ, ಬಣ್ಣ ಗುಲಾಬಿಯೇ ಇರಲಿ.