ಪಾರ್ಕಿನಲ್ಲಿ ನೀರು ತಿರುಗಿಸಿದ ಸಿದ್ದರಾಮು

"ಗದ್ದೆ, ನೀರು, ಬೆಳೆ! ಈ ಮೂರರ ಸುದ್ದಿನ ಇವತ್ತೊಂದಿನ ನಾನೇನಾರ ಎತ್ತುದ್ರೆ, ನನ್ ರೈಲ್ ಟಿಕೇಟ ಯಾರ್ಗಾರ ದಾನ ಕೊಟ್ಬುಡು, ಓಗು!"

ಯಲಿಯೂರು ಸ್ಟೇಷನ್ನಿನಲ್ಲಿ ನಿಂತು ಸಿದ್ದರಾಮು ಈ ಘೋರ ಪ್ರತಿಜ್ಞೆ ಮಾಡಿದಾಗ ಬೆಳಿಗ್ಗೆ ಏಳು ಗಂಟೆ. ಸಾಕ್ಷಿಗೆ ಹೆಂಡತಿ ನಾಗರತ್ನ, ಹೆಣ್ಣುಮಕ್ಕಳಾದ ಅಮೃತ ಮತ್ತು ಶೋಭಿತಾ ಇದ್ದರು. ಅವನು ಪಣಕ್ಕೆ ಇಟ್ಟದ್ದು ಬೆಂಗಳೂರಿನ ದೊಡ್ಡ ಪಾರ್ಕಿನೊಳಗೆ ಸುತ್ತುವ ಪುಟಾಣಿ ರೈಲಿನ ಟಿಕೇಟನ್ನು.

ಪ್ರತಿಜ್ಞೆಗೆ ಕಾರಣವಿತ್ತು. ಹೋದ ವರ್ಷ ಮೈಸೂರಿನಲ್ಲಿ ಆನೆ ನೋಡಲು ನಿಂತವನು, ಆನೆಗೆ ಹಾಕಿದ್ದ ಕಬ್ಬು ಇನ್ನೂ ಬಲಿತಿಲ್ಲವೆಂದು ಕಾವಲಿನವನ ಜೊತೆ ಮುಕ್ಕಾಲು ಗಂಟೆ ವಾದ ಮಾಡಿದ್ದ. ಅಷ್ಟರಲ್ಲಿ ಗೇಟು ಹಾಕುವ ಹೊತ್ತಾಗಿ ಮಕ್ಕಳು ಹುಲಿಯ ಬಾಲವನ್ನೂ ನೋಡದೆ ಮನೆಗೆ ಬಂದಿದ್ದವು. ನಾಗರತ್ನ ಮೂರು ದಿನ ಮಾತು ಬಿಟ್ಟಿದ್ದಳು.

ಇನ್ನೊಂದು ಕಾರಣವೂ ಇತ್ತು. ಅದನ್ನು ಸಿದ್ದರಾಮು ಯಾರಿಗೂ ಹೇಳಿರಲಿಲ್ಲ. ನಾಲ್ಕನೇ ಕ್ಲಾಸಿನಲ್ಲಿ ಮೇಷ್ಟ್ರು ಇದೇ ಪಾರ್ಕಿಗೆ ಟೂರು ಕರೆದುಕೊಂಡು ಹೋಗಿದ್ದರು. ಇವನ ಸಾಲು ಮುಂದೆ ಬರುವ ಹೊತ್ತಿಗೆ ಕೊನೆಯ ಸುತ್ತು ಮುಗಿದು, ಡ್ರೈವರು ರೈಲಿಗೆ ಟಾರ್ಪಾಲು ಹೊದಿಸುತ್ತಿದ್ದ. "ಮುಂದಿನ ಸಲ ಹತ್ತುವಿಯಂತೆ" ಎಂದಿದ್ದರು ಮೇಷ್ಟ್ರು. ಆ ಮುಂದಿನ ಸಲ ಬರಲು ಮೂವತ್ತೆರಡು ವರ್ಷ ಹಿಡಿದಿತ್ತು! ಮೀಸೆಯಲ್ಲಿ ಬಿಳಿ ಕೂದಲು ಇಣುಕುವ ವಯಸ್ಸಿನಲ್ಲಿ "ನಾನು ಪುಟಾಣಿ ರೈಲು ಹತ್ತಬೇಕು" ಎಂದು ಬಾಯಿಬಿಟ್ಟು ಹೇಳಲಾದೀತೆ? "ಮಕ್ಕಳಿಗೋಸ್ಕರ" ಎಂಬ ಮಾತು ಇರುವುದೇ ಇಂಥ ಕಷ್ಟಕಾಲಕ್ಕೆ.

ರೈಲು ಮದ್ದೂರು ದಾಟುವವರೆಗೆ ಸಿದ್ದರಾಮು ಮಹಾತಪಸ್ವಿಯ ಹಾಗೆ ಕುಳಿತಿದ್ದ. ಕಿಟಕಿಯಾಚೆ ಯಾರೋ ಪುಣ್ಯಾತ್ಮನ ಗದ್ದೆಯಲ್ಲಿ ಬದು ಒಡೆದು ನೀರು ಚರಂಡಿಗೆ ಹರಿಯುತ್ತಿತ್ತು. ಗಂಟಲಿನಿಂದ "ಉಂಹ್" ಎಂಬ ಸದ್ದು ತಾನಾಗಿ ಹೊರಟಿತು.

"ಏನಂದ್ರಿ?" ನಾಗರತ್ನ ಕತ್ತು ತಿರುಗಿಸಿದಳು.

"ಕೆಮ್ಮು ಕಣಮ್ಮಿ."

"ಸರಿ. ವಡೆ ತಿನ್ನಿ, ನಿಂತೋಯ್ತದೆ."

ಪಾರ್ಕಿನಲ್ಲಿ ಹೇಳಿಕೊಳ್ಳುವಂಥ ಅನಾಹುತವಿಲ್ಲದೆ ಮಧ್ಯಾಹ್ನವಾಯಿತು. ರೈಲಿಗೆ ವಿಪರೀತ ಜನ. ಕೊನೆಗೆ ನಾಲ್ಕೂವರೆಯ ಕಡೇ ಸುತ್ತಿಗೆ ನಾಲ್ಕು ಟಿಕೇಟು ಸಿಕ್ಕಿತು. ನಾಗರತ್ನ ಅವನ್ನು ಪರ್ಸಿಗೆ ಸೇರಿಸಿದಳು. ಹುಲ್ಲಿನ ಮೇಲೆ ಜಮಖಾನ ಹಾಸಿ ಎಲ್ಲರೂ ಪುಳಿಯೋಗರೆ ತಿಂದರು. ನಾಲ್ಕು ಗಂಟೆಗೆ ನಾಗರತ್ನ ಮಕ್ಕಳ ಕೈ ತೊಳೆಸಲು ಎದ್ದಳು.

"ನಲ್ಲಿ ತಾವ ಓಗ್ಬತ್ತೀವಿ. ನೀವು ಜಮಖಾನ ಬುಟ್ಟು ಏಳ್ಕೂಡ್ದು!"

"ನಾನ್ಯಾಕ್ ಎದ್ದೇನು?" ಎಂದ ಸಿದ್ದರಾಮು.

ಎದ್ದ. ಎರಡೇ ನಿಮಿಷಕ್ಕೆ ಎದ್ದ!

ತಪ್ಪು ಪೈಪಿನದು. ಸ್ವಲ್ಪ ಮೇಲೆ, ಒಂದು ಮರದ ಬುಡದ ಪಾತಿಗೆ ಮಾಲಿ ಪೈಪು ಬಿಟ್ಟು ಎಲ್ಲಿಗೋ ಹೋಗಿದ್ದ. ಪಾತಿ ತುಂಬಿ ತುಳುಕುತ್ತಿತ್ತು. ಪಕ್ಕದ ಹೂವಿನ ಪಾತಿಯಾದರೋ ಬಿರುಕು ಬಿಟ್ಟು ಬಾಯಾರಿತ್ತು. ಇದನ್ನು ನೋಡುತ್ತಾ ಸುಮ್ಮನಿರಲು ಸಿದ್ದರಾಮು ಕಲ್ಲೇ? ಸುದ್ದಿ ಎತ್ತಬಾರದು ಎಂದು ಪ್ರತಿಜ್ಞೆ ಮಾಡಿದ್ದು ಬಾಯಿ. ಕೈಗೂ ಅದಕ್ಕೂ ಏನು ಸಂಬಂಧ! ಪುಳಿಯೋಗರೆಯ ಸೌಟು ಹಿಡಿದು, ಹೊಸ ಪ್ಯಾಂಟು ಮೊಣಕಾಲಿಗೆ ಮಡಚಿ, ಪಾತಿಯ ಕಟ್ಟೆಯನ್ನು ನಾಲ್ಕೇ ನಾಲ್ಕು ಬೆರಳಗಲ ಕಡಿದ.

ಊರಿನ ಜೇಡಿಮಣ್ಣಿನಲ್ಲಿ ನಾಲ್ಕು ಬೆರಳು ಕಡಿದರೆ ಒಡಕು ನಾಲ್ಕೇ ಬೆರಳಿಗೆ ನಿಲ್ಲುತ್ತದೆ. ಇದು ಬೇರೆ ಮಣ್ಣು. ಕಣ್ಣು ಮಿಟುಕಿಸುವಷ್ಟರಲ್ಲಿ ಇಡೀ ಕಟ್ಟೆ ಕುಸಿದು, ನೀರು ಹೂವಿನ ಪಾತಿಯತ್ತ ಸುಳಿಯದೆ ನೇರವಾಗಿ ಇಳಿಜಾರಿಗೆ ಹೊರಟಿತು. ಮೊದಲು ಸ್ವಂತ ಜಮಖಾನ ತೇವವಾಯಿತು. ನಂತರ ಮದ್ದೂರು ವಡೆಯ ಪೊಟ್ಟಣ ನೆನೆಯಿತು. ಅದರಾಚೆ ಬಲೂನು ಕಟ್ಟಿಕೊಂಡು ಒಂದು ಕುಟುಂಬ ಮಗುವಿನ ಹುಟ್ಟುಹಬ್ಬ ಮಾಡುತ್ತಿತ್ತು.

"ಅಯ್ಯೋ, ನನ್ನ ಕೆಳಗೆ ನೀರು!" ಎಂದು ಅಲ್ಲಿನ ಅಜ್ಜಿ ಕಿರುಚಿದರು. ಮಂಡಿನೋವಿನ ಆ ಅಜ್ಜಿ ಯಾರ ಕೈಯೂ ಹಿಡಿಯದೆ ಎದ್ದು ನಿಂತದ್ದನ್ನು ಕಂಡು ಮನೆಯವರು ಬೆರಗಾದರು. ಕೇಕು ಒಬ್ಬರ ತಲೆಯ ಮೇಲೇರಿತು.

ಒಡೆದ ಕಟ್ಟೆಗೆ ಹುಲ್ಲಿನ ಹೆಂಟೆ ಇಟ್ಟು ಮುಚ್ಚಬೇಕು ಎಂಬುದು ಸಿದ್ದರಾಮುವಿನ ತಾತನ ಕಾಲದ ವಿದ್ಯೆ. ಗಾಬರಿಯಲ್ಲಿ ಕಾಲ ಬುಡದ ಹುಲ್ಲನ್ನೇ ಎರಡೂ ಕೈಯಲ್ಲಿ ಕಿತ್ತು ಇಟ್ಟ. ಅದೂ ಕೊಚ್ಚಿಹೋಯಿತು. ಇನ್ನೆರಡು ಕಿತ್ತ. ಕೊನೆಗೆ ಬೇರೆ ದಾರಿ ಕಾಣದೆ ಒಡಕಿನಲ್ಲಿ ತಾನೇ ಕುಳಿತುಬಿಟ್ಟ. ನೀರೇನೋ ನಿಂತಿತು.

ಕೈ ತೊಳೆಸಿಕೊಂಡು ಬಂದ ಮಕ್ಕಳಿಗೆ ಕಂಡದ್ದು ಈ ದೃಶ್ಯ. "ಅಮ್ಮಾ, ಅಪ್ಪ ಕೆಸರಲ್ಲಿ ಕೂತವ್ರೆ!" ಎಂದಳು ಶೋಭಿತಾ.

ಅದೇ ಹೊತ್ತಿಗೆ ಮಾಲಿ ಓಡಿಬಂದ. "ಯಾವನ್ಲಾ ಅವ್ನು ಲಾನ್ ಕಿತ್ತಾಕ್ದೋನು!"

"ನೀರು ಪೋಲಾಯ್ತಿತ್ತು ಕಣಣ್ಣ. ಪಕ್ಕದ್ ಪಾತಿ ಒಣಗೋಗಿತ್ತು, ಅದ್ಕೇ..."

"ಒಣಗ್ಲಿ ಅಂತ ನಾನೇ ಬುಟ್ಟಿವ್ನಿ ಕಣಯ್ಯ! ನಾಳೆ ಅಗೆದು ಬ್ಯಾರೆ ಗಿಡ ಆಕ್ಬೇಕು!" ಎಂದ ಮಾಲಿ ಏನೋ ಅನುಮಾನ ಬಂದು ತಡೆದ. "ಮಾತು ನಮ್ ಕಡೇದ್ ಇದ್ದಂಗದೆ. ಯಾವೂರು?"

"ಯಲಿಯೂರು."

"ನೀವ್ಯಾವೂರಣ್ಣ?" ನಾಗರತ್ನ ಮುಂದೆ ಬಂದಳು.

"ಕಿರುಗಾವಲು ಕಣವ್ವ. ಅಂಕಯ್ಯ ಅಂತ."

"ಅಯ್ಯೋ, ನಮ್ ತೌರು ಅಲ್ಲೇ ಪಕ್ಕ ಕಣಣ್ಣ!" ನಾಗರತ್ನಳ ಮುಖ ಅರಳಿತು. ಒಂದೇ ನಿಮಿಷದಲ್ಲಿ ಅಂಕಯ್ಯ ಅವಳಿಗೆ ತವರಿನ ಅಣ್ಣನಾದ, ಕೆಸರಿನಲ್ಲಿದ್ದ ಸಿದ್ದರಾಮು ಅಂಕಯ್ಯನಿಗೆ ಭಾವನಾದ. ಬಯ್ಯುವ ಹಕ್ಕು ಮಾತ್ರ ಹಾಗೇ ಉಳಿಯಿತು.

ದೂರದಲ್ಲಿ ಪುಟಾಣಿ ರೈಲು ಕೂಗಿತು. ಸಿದ್ದರಾಮು "ನಡೀರಿ ನಡೀರಿ, ಕಡೇ ಸುತ್ತು!" ಎಂದು ಎದ್ದ. ನೀರು ಮತ್ತೆ ಹರಿಯಿತು. ಕುಳಿತ.

"ನೋಡು ಭಾವ, ಅನ್ನೊಂದು ವರ್ಸದಿಂದ ಈ ರೈಲಿನ ಸುತ್ತಾ ನೀರಾಕ್ತಿವ್ನಿ," ಎಂದ ಅಂಕಯ್ಯ. "ಒಂದ್ ದಪನೂ ಅತ್ತಿಲ್ಲ. ಪೈಪು ಬುಟ್ಟು ಎಲ್ಗೋಗಾನೆ?"

ನಾಗರತ್ನ ಗಂಡನನ್ನು ನೋಡಿದಳು. ಪರ್ಸಿನಿಂದ ಒಂದು ಟಿಕೇಟು ತೆಗೆದಳು.

"ಲೇ, ನಾನು ಸುದ್ದಿ ಎತ್ಲಿಲ್ಲ ಕಣೆ! ಬಾಯೇ ಬುಡ್ಲಿಲ್ಲ!"

"ಈಗ್ತಾನೆ ನೀರು, ಪಾತಿ ಅಂತ ಅಂದ್ರಲ್ಲಪ್ಪ," ಎಂದಳು ಅಮೃತ. ಅವಳು ಸತ್ಯ ಬಿಟ್ಟು ಬೇರೆ ಮಾತಾಡುವ ಹುಡುಗಿಯಲ್ಲ.

ಸಿದ್ದರಾಮುವಿಗೆ ನಿಜವಾಗಿಯೂ ದುಃಖವಾಯಿತು. ಟಾರ್ಪಾಲು ಹೊದಿಸುತ್ತಿದ್ದ ಡ್ರೈವರು ಕಣ್ಣಮುಂದೆ ಬಂದ. ಆದರೆ ಪ್ರತಿಜ್ಞೆ ತನ್ನದೇ. ಅಂಕಯ್ಯ ಕಾಲು ತೊಳೆದು, ತಲೆಯ ಟವೆಲ್ಲು ಬಿಚ್ಚಿ ಹೆಗಲಿಗೆ ಹಾಕಿಕೊಂಡು, ಪೈಪನ್ನು ಭಾವನ ಕೈಗೆ ಕೊಟ್ಟು ಹೊರಟ.

ರೈಲು ತಿರುವಿನಲ್ಲಿ ಬಂತು. ಮುಂದಿನ ಡಬ್ಬಿಯಲ್ಲಿ ಮಕ್ಕಳು ಕೈಬೀಸಿದವು, ನಾಗರತ್ನ ಸೆರಗು ಸರಿಮಾಡಿಕೊಂಡು ಮುಗುಳ್ನಕ್ಕಳು. ಸಿದ್ದರಾಮು ಒಂದು ಕೈಯಲ್ಲಿ ಪೈಪು ಹಿಡಿದು ಇನ್ನೊಂದು ಕೈ ಎತ್ತಿದ. ಅಷ್ಟರಲ್ಲಿ ಅಂಕಯ್ಯ ಕಂಬಿ ಹಿಡಿದು ಅರ್ಧ ಹೊರಗೆ ಬಾಗಿ ಕೂಗಿದ:

"ಭಾವಾ, ಆ ಮೂಲೆ ಗಿಡಕ್ಕೂ ವಸಿ ಬುಡು! ಡ್ರೈವರು ನಮ್ಮೋನೇಯ, ನಾವು ಇನ್ನೊಂದ್ ಸುತ್ತು ಓಗ್ಬತ್ತೀವಿ!"